ಸೊಂಟಮಟ್ಟದ ಅಲೆ

ಏಪ್ರಿಲ್ 18

ಕೋಲು,

ವರ್ಷಕ್ಕೊಂದು ಬರೆಯುವ ಕಾಗದ ಈ ಸಲವೂ ನಿನ್ನ ಹುಟ್ಟುಹಬ್ಬಕ್ಕೇ ಬಂದಿರಬೇಕು. ಆದ್ದರಿಂದ ಇದು ಹೆಚ್ಚುವರಿ. ಗಾಬರಿಯಾಗಬೇಡ, ಗಟ್ಟಿಮುಟ್ಟಾಗಿದ್ದೇನೆ. ಬಲಭುಜ ಮಾತ್ರ ಕಿವಿಗಿಂತ ಮೇಲೆ ಏಳಲು ಒಲ್ಲೆ ಎನ್ನುತ್ತದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ಕಿವಿಯಲ್ಲಿ ನಲವತ್ತು ವರ್ಷದ ಸಮುದ್ರದ ನೀರು ಕೂತಿದೆ. ನೀನು ಒಂದು ಹೇಳಿದರೆ ನನಗೆ ಇನ್ನೊಂದು ಕೇಳಿಸುತ್ತದೆ.

ವಿಷಯ ಇಷ್ಟು. ನಿನ್ನೆ ನಗರಸಭೆಯ ಗುಮಾಸ್ತ ದಡಕ್ಕೆ ಬಂದು, ಬೂಟಿಗೆ ಮರಳು ಹೋಗದ ಹಾಗೆ ಕಾವಲುಮನೆಯ ಮೆಟ್ಟಿಲ ಮೇಲೇ ನಿಂತು, ಒಂದು ಆದೇಶ ಕೊಟ್ಟ. ಮೇ ಒಂದರಿಂದ ಜೂನ್ ಹದಿನೈದರವರೆಗೆ, ಅಂದರೆ ವಸಂತದ ಕೊನೆಯ ಆರು ವಾರ, ಈ ದಡಕ್ಕೆ ಕಾವಲು ಬೇಡವಂತೆ. ಬೇಸಿಗೆಗೆ ಮತ್ತೆ ಬಂದರೆ ಸಾಕಂತೆ. ಕಾರಣ: ಈ ವಾರಗಳಲ್ಲಿ ಅಲೆಗಳ ಎತ್ತರ ಮೊದಲಿಗಿಂತ ಕಾಲು ಭಾಗ ಕಡಿಮೆಯಾಗಿದೆ. ಆಧಾರ: ಹವಾಮಾನ ಕಚೇರಿಯ ಕರಾವಳಿ ವಿಭಾಗದ ವರದಿ. ಲಗತ್ತಿಸಿದ ವರದಿಯ ಕೆಳಗೊಂದು ಸಹಿ. ಆ ಸಹಿಯ ಕೊನೆಗೆ ಉದ್ದನೆಯ ಬಾಲ. ಒಂದನೇ ತರಗತಿಯಲ್ಲಿ ಸ್ಲೇಟಿನ ಅಂಚು ದಾಟಿ ಹೋಗುತ್ತಿದ್ದ ಅದೇ ಬಾಲ.

ಎಲ್ಲಿ ಕಡಿಮೆಯಾಯಿತು, ತಾಯಿ? ನಾನು ದಿನಾ ಇಲ್ಲೇ ಕೂತಿರುತ್ತೇನೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಇಂದು ಬೆಳಗ್ಗೆ ನೆಲದ ಕಡೆಯಿಂದ ತಂಪು ಗಾಳಿ, ಒಂಬತ್ತಕ್ಕೆ ಮಂಜು ಹರಿಯಿತು, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ. ನೀರು ಇನ್ನೂ ಕೊರೆಯುತ್ತಿದೆ.

ದಡದಿಂದ,
ಅಪ್ಪ


ಏಪ್ರಿಲ್ 26

ಅಪ್ಪ,

ನಿಮ್ಮ ಕಾಗದ ಕಚೇರಿಯ ವಿಳಾಸಕ್ಕೆ ಬಂದದ್ದರಿಂದ ಮೂರು ಜನ ತೆರೆದು ನೋಡಿ ನನಗೆ ಕೊಟ್ಟರು. "ಕೋಲು ಅಂದ್ರೆ ಯಾರು ಮೇಡಂ?" ಎಂದು ಕೇಳಿದರು. ಚಿಕ್ಕವಳಿದ್ದಾಗ ಸಣಕಲಿ ಇದ್ದೆ ಎಂದು ಹೇಳಿ ಮಾತು ತೇಲಿಸಿದೆ.

ಆ ವರದಿ ನನ್ನದೇ. ಆದರೆ ಕಾವಲಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ದಡದ ಅಲೆಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿವೆ ಎಂದಷ್ಟೇ ಬರೆದಿದ್ದೆ. ನಗರಸಭೆ ಅದನ್ನು ಹೀಗೆ ಬಳಸುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ ಅದೂ ಗೊತ್ತಿಲ್ಲ, ಏಕೆಂದರೆ ಅಂಕಿಗಳು ಅಂಕಿಗಳೇ.

ಅವು ಬೇರೆ ಯಾರದೋ ಅಂಕಿಗಳಲ್ಲ, ನಿಮ್ಮವು. ಸಮುದ್ರದಲ್ಲಿ ಅಲೆ ಅಳೆಯುವ ಯಂತ್ರದ ತೇಲುಬುಂಡೆ ಹಾಕಿ ಆರೇ ವರ್ಷವಾಯಿತು. ಅದಕ್ಕೂ ಹಿಂದಿನದಕ್ಕೆ ಇಡೀ ಕರಾವಳಿಯಲ್ಲಿ ಒಂದೇ ಒಂದು ದಿನ ಬಿಟ್ಟರೆ ಎಂದೂ ತಪ್ಪದೆ ದಾಖಲೆ ಇರುವುದು ನಿಮ್ಮ ದಡದಲ್ಲಿ ಮಾತ್ರ. ನೀವು ದಿನಾ ಬರೆದಿಟ್ಟ ಪುಸ್ತಕಗಳನ್ನು ನಗರಸಭೆಯವರು ಟೈಪು ಮಾಡಿಸಿ ಕಳುಹಿಸಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ನಿಮಗೆ ಬರೆಯಬೇಕೆಂದಿದ್ದೆ. ಬರೆಯಲಿಲ್ಲ. ಇಪ್ಪತ್ತೊಂಬತ್ತು ವರ್ಷ, ನನಗೆ ಏಳು ತುಂಬಿದ ವರ್ಷದಿಂದ. ಮೊದಲ ವರ್ಷ ವಸಂತದ ಕೊನೆಯಲ್ಲಿ ಸರಾಸರಿ ನಾಲ್ಕು ಅಡಿ. ಆಮೇಲೆ ವರ್ಷವರ್ಷವೂ ಇಳಿಯುತ್ತ ಏಳು ವರ್ಷ ಕಳೆಯುವಷ್ಟರಲ್ಲಿ ಮೂರು ಅಡಿ. ಅಲ್ಲಿಂದ ಇಲ್ಲಿಯವರೆಗೆ ಮೂರರಲ್ಲೇ ನಿಂತಿದೆ. ತೇಲುಬುಂಡೆಯ ಲೆಕ್ಕವೂ ಹತ್ತಿರಹತ್ತಿರ ಅಷ್ಟೇ ಹೇಳುತ್ತದೆ. ಅಳೆದದ್ದು ನೀವೇ, ನಾನು ಕೂಡಿಸಿ ಭಾಗಿಸಿದ್ದೇನೆ ಅಷ್ಟೆ.

ಜೂನ್ ಹತ್ತಕ್ಕೆ ಎಲ್ಲ ಕರಾವಳಿ ಕಚೇರಿಗಳ ಸಭೆಯಲ್ಲಿ ಇದನ್ನು ಓದಬೇಕು. ನನ್ನ ಹೆಸರಿನಲ್ಲಿ ಬಂದ ಮೊದಲ ವರದಿ ಇದು.

ಭುಜಕ್ಕೆ ಬಿಸಿನೀರಿನ ಶಾಖ ಕೊಡಿ.

ನಿಮ್ಮ ಮಗಳು


ಮೇ 4

ಕೋಲು,

ಮೊದಲನೆಯದಾಗಿ, ಹುಟ್ಟುಹಬ್ಬದ ಉತ್ತರಗಳಲ್ಲಿ "ನೀನು" ಎನ್ನುತ್ತಿದ್ದವಳು ಈಗ "ನೀವು" ಎಂದಿದ್ದೀಯ. ಓದುವಾಗ ಪಕ್ಕದಲ್ಲಿ ಇನ್ನೊಬ್ಬ ಯಾರೋ ಕೂತಿದ್ದಾನೆ ಎಂದು ಎರಡು ಸಲ ತಿರುಗಿ ನೋಡಿದೆ.

ಎರಡನೆಯದಾಗಿ, ನಾನು ನನ್ನ ಜನ್ಮದಲ್ಲಿ ಒಂದು ಅಂಕಿ ಬರೆದವನಲ್ಲ. ನಾಲ್ಕು ಅಡಿ, ಮೂರು ಅಡಿ ಎಲ್ಲ ನಗರಸಭೆಯ ಗುಮಾಸ್ತನ ಕೈಚಳಕ. ನಾನು ಬರೆಯುವುದು ಮೊಣಕಾಲು, ಸೊಂಟ, ಎದೆ, ತಲೆ, ತಲೆ ಮೇಲೆ. ದಡದ ಕಪ್ಪು ಹಲಗೆಯಲ್ಲೂ ಅದೇ, ಪುಸ್ತಕದಲ್ಲೂ ಅದೇ. "ಅಲೆ ಮೂರು ಅಡಿ" ಎಂದರೆ ಈಜಲು ಬಂದವರು ತಲೆ ಕೆರೆದುಕೊಳ್ಳುತ್ತಾರೆ. "ಎದೆಗೆ ಬರುತ್ತೆ ಕಣಮ್ಮ" ಎಂದರೆ ಮಗುವನ್ನು ಎತ್ತಿಕೊಳ್ಳುತ್ತಾರೆ.

ಮೇ ಒಂದಕ್ಕೆ ಬಾವುಟ, ಸೀಟಿ, ತೇಲುಬಳೆ ಎಲ್ಲ ಪಟ್ಟಿ ಮಾಡಿ ಒಯ್ದರು. ಕಾವಲುಮನೆಗೆ ಬೀಗ. ನಾನು ಮನೆಯಿಂದ ಅಡುಗೆಮನೆಯ ಕುರ್ಚಿ ತಂದು ಅದೇ ಜಾಗದಲ್ಲಿ ಹಾಕಿಕೊಂಡು ಕೂತಿದ್ದೇನೆ. ಸಾರ್ವಜನಿಕ ದಡ, ಕೂರಬೇಡ ಎನ್ನಲು ಅವರಿಗೆ ಹಕ್ಕಿಲ್ಲ. ಸೀಟಿಯ ಬದಲು ಬಾಯಿದೆ.

ನಿನ್ನ ಸರಾಸರಿ ನನಗೆ ಅರ್ಥವಾಗುವುದಿಲ್ಲ. ಈ ವಾರಗಳ ಸಮುದ್ರ ಹೇಗೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಗಾಳಿ ಇಲ್ಲ. ಬಿಸಿಲು ಹದವಾಗಿದೆ. ಚಳಿಗಾಲವೆಲ್ಲ ಮನೆಯಲ್ಲಿ ಕೂತು ಬೇಸತ್ತ ಜನ ಓಡಿ ಬಂದು ನೀರಿಗೆ ಬೀಳುತ್ತಾರೆ. ಹತ್ತು ಹನ್ನೆರಡು ನಿಮಿಷ ನೀರು ಮೊಣಕಾಲು ದಾಟುವುದಿಲ್ಲ. ಅಷ್ಟರಲ್ಲಿ ಎಲ್ಲೋ ಸಾವಿರ ಮೈಲಿ ಆಚೆ ಎದ್ದ ಬಿರುಗಾಳಿಯ ಅಲೆಗಳು ಬರುತ್ತವೆ, ಒಂದರ ಹಿಂದೆ ಒಂದು, ಐದೋ ಆರೋ, ಒಂದೊಂದಕ್ಕೂ ಹದಿನಾಲ್ಕು ಸೆಕೆಂಡು ಅಂತರ. ಅವು ವಾಪಸು ಹೋಗುವಾಗ ಸೆಳವು. ಆಮೇಲೆ ಮತ್ತೆ ಹನ್ನೆರಡು ನಿಮಿಷ ಏನೂ ಆಗಿಲ್ಲದ ಹಾಗೆ. ಅಲೆಯ ಮೇಲೆ ಜಾರುವ ಹಲಗೆಯವರಿಗೆ ಇದು ಗೊತ್ತು, ಅವರು ಕಾದು ಕೂರುತ್ತಾರೆ. ಉಳಿದವರಿಗೆ ಗೊತ್ತಿಲ್ಲ. ನಿನ್ನೆ ಒಬ್ಬ ಹೆಂಗಸನ್ನು ಎಳೆದು ತಂದೆ. "ಇಷ್ಟು ಹೊತ್ತು ಚೆನ್ನಾಗೇ ಇತ್ತಲ್ಲ!" ಎಂದು ನನ್ನನ್ನೇ ಬೈದಳು.

ಆ ಸುಮ್ಮನಿರುವ ನೀರನ್ನೂ ಆ ಅಲೆಗಳನ್ನೂ ಕೂಡಿಸಿ ಭಾಗಿಸಿದರೆ ಸೊಂಟವೇ ಬರುತ್ತದೆ. ಆದರೆ ಜನ ಸರಾಸರಿಯಲ್ಲಿ ಮುಳುಗುವುದಿಲ್ಲ.

ಅಪ್ಪ (ಒಬ್ಬನೇ)


ಮೇ 10

ಅಪ್ಪ,

ಗುಮಾಸ್ತರಿಗೆ ಫೋನ್ ಮಾಡಿದೆ. ಬೇಸರಿಸಿಕೊಳ್ಳದೆ ಹುಡುಕಿ ಹೇಳಿದರು. "ಮೊಣಕಾಲಿಗೆ ಒಂದೂವರೆ, ಸೊಂಟಕ್ಕೆ ಮೂರೂವರೆ, ಎದೆಗೆ ನಾಲ್ಕೂವರೆ ಅಡಿ ಅಂತ ಹಾಕಿದೀವಿ ಮೇಡಂ, ಸಾಮಾನ್ಯ ಗಂಡಸಿನ ಲೆಕ್ಕ" ಎಂದರು. ತಮ್ಮ ಸೊಂಟವನ್ನೇ ಸ್ಕೇಲಿನಲ್ಲಿ ಅಳೆದು ಖಚಿತ ಮಾಡಿಕೊಂಡರಂತೆ. ಮನುಷ್ಯ ಕೆಲಸ ಶ್ರದ್ಧೆಯಿಂದಲೇ ಮಾಡಿದ್ದಾರೆ.

ಈಗ ನಿನ್ನನ್ನು ಒಂದು ಪ್ರಶ್ನೆ ಕೇಳಬೇಕು. ನಿನ್ನ ಪುಸ್ತಕದಲ್ಲಿರುವುದು ಯಾರ ಸೊಂಟ? ನಿನ್ನದಾ?

ಪುಸ್ತಕಗಳನ್ನೇ ಕಳುಹಿಸು. ಟೈಪು ಮಾಡಿದ್ದು ಬೇಡ, ನೀನು ಬರೆದದ್ದು.

ಮಗಳು


ಮೇ 15

ಕೋಲು,

ಯಾರ ಸೊಂಟ ಎಂದರೆ ಏನರ್ಥ? ನಿನ್ನದು.

ಮರೆತೇಬಿಟ್ಟೆಯಾ? ಬೆಳಗ್ಗೆ ಶಾಲೆಗೆ ಹೋಗುವ ಮೊದಲು ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ನಾನು ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿನ್ನನ್ನು ನಿಲ್ಲಿಸುತ್ತಿದ್ದೆ. ಅಲೆ ಬಂದು ತಾಕಿದ ಕೂಡಲೇ "ಎಲ್ಲಿಗೇ?" ಎಂದು ಕೂಗುತ್ತಿದ್ದೆ. "ಸೊಂಟಕ್ಕೇ!" ಎಂದು ನೀನು. ಅದನ್ನು ಹಾಗೇ ಬರೆಯುತ್ತಿದ್ದೆ. ನೀನು ಅದನ್ನು ಆಟ ಎಂದುಕೊಂಡಿದ್ದೆಯೋ ಏನೋ. ನನಗೆ ಅದು ಕೆಲಸ. ಸಣಕಲಿ ಎಂದು ಕೋಲು ಅನ್ನಲಿಲ್ಲ ನಿನ್ನನ್ನು. ಅಳತೆಕೋಲು ಎಂದು ಅನ್ನುತ್ತಿದ್ದೆ, ಕೂಗುವಾಗ ಅಷ್ಟುದ್ದ ಬರಲಿಲ್ಲ.

ನೀನೂ ನಿನ್ನ ಅಮ್ಮನೂ ಊರು ಬಿಟ್ಟು ಹೋದ ಮೇಲೆ, ನೀನು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಮರದ ಕಂಬ ನೆಟ್ಟೆ. ಹದಿನಾಲ್ಕನೇ ವಯಸ್ಸಿನಲ್ಲಿ ನಿನ್ನ ತಲೆ ನನ್ನ ಅಂಗಿಯ ಎರಡನೇ ಗುಂಡಿಗೆ ಬರುತ್ತಿತ್ತು, ಸೊಂಟ ನನ್ನ ಪ್ಯಾಂಟಿನ ಜೇಬಿನ ಬಾಯಿಗೆ. ಅದರಂತೆ ಕಂಬದಲ್ಲಿ ಗೀರು ಹಾಕಿದೆ. ಇಂದಿಗೂ ಅದನ್ನೇ ನೋಡಿ ಬರೆಯುವುದು.

ಪುಸ್ತಕಗಳನ್ನು ಗೋಣಿಚೀಲದಲ್ಲಿ ಹಾಕಿ ಬಸ್ಸಿಗೆ ಕೊಟ್ಟಿದ್ದೇನೆ. ಇಪ್ಪತ್ತೊಂಬತ್ತು ಇವೆ. ಎಣಿಸಿಕೋ.

ಇಂದು ಸೊಂಟ. ಮೋಡವಿಲ್ಲ.

ಅಪ್ಪ


ಮೇ 22

ಮೇಡಂ,

ನಾನು ಇಲ್ಲಿ ಅಲೆಹಲಗೆ ಆಡುವವಳು, ನಿಮ್ಮ ಅಪ್ಪ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವರ ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದೆ.

ಅವರು ಹೇಳುವುದು: "ಏನೂ ಆಗಿಲ್ಲ. ಇಬ್ಬರು ಅಕ್ಕತಂಗಿಯರು ಸೆಳವಿಗೆ ಸಿಕ್ಕಿದ್ದರು, ಈಚೆ ಬಂದರು, ಸುಖವಾಗಿದ್ದಾರೆ. ಭುಜ ಸ್ವಲ್ಪ ಜಾರಿತು. ಇಂದು ತಲೆಮಟ್ಟ. ಪುಸ್ತಕ ತಲುಪಿತೇ?"

ಅವರು ಹೇಳದೆ ಬಿಟ್ಟದ್ದು: ಅಕ್ಕತಂಗಿಯರನ್ನು ನಾವು ಹಲಗೆಯ ಮೇಲೆ ತಂದೆವು. ಆಮೇಲೆ ನಿಮ್ಮ ಅಪ್ಪನನ್ನೂ ತಂದೆವು. ಎರಡು ಅಲೆ ಅವರು ಕಾಣಲಿಲ್ಲ. ನಾಳೆ ಮತ್ತೆ ಕುರ್ಚಿ ಹಾಕುತ್ತೇನೆ ಎನ್ನುತ್ತಿದ್ದಾರೆ. ನಾವು ಹೇಳಿದರೆ ಕಿವಿ ಕೇಳಿಸುವುದಿಲ್ಲ ಎನ್ನುತ್ತಾರೆ. ಕಾವಲಿನವರು ಇದ್ದಿದ್ದರೆ ಮೂವರು ಇರುತ್ತಿದ್ದರು, ದೋಣಿ ಇರುತ್ತಿತ್ತು. ಈಗ ಒಬ್ಬ ಮುದುಕರು ಮತ್ತು ಒಂದು ಕುರ್ಚಿ. ಏನಾದರೂ ಮಾಡಿ.

ಹಲಗೆಯವಳು


ಮೇ 25

ಅಮ್ಮ,

ನಿನ್ನ ಹೊಲಿಗೆ ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ಸಮುದ್ರದ ಮಾತು ತೆಗೆದ ಕೂಡಲೇ ಗಿರಾಕಿ ಬಂದರು ಎಂದು ನೀನು ಫೋನ್ ಇಟ್ಟುಬಿಟ್ಟೆ. ಆದ್ದರಿಂದ ಕಾಗದ. ಇದನ್ನು ಇಡಲು ಬರುವುದಿಲ್ಲ.

ನಾನು ದೊಡ್ಡ ತಪ್ಪು ಮಾಡಿದ್ದೇನೆ. ಅಪ್ಪನ ದಡದಲ್ಲಿ ಅಲೆಗಳು ಏಳು ವರ್ಷ ಚಿಕ್ಕದಾಗುತ್ತ ಹೋದವು ಎಂದು ಸಹಿ ಹಾಕಿ ವರದಿ ಕೊಟ್ಟೆ. ಅಲೆಗಳು ಚಿಕ್ಕದಾಗಲಿಲ್ಲ, ಅಮ್ಮ. ನಾನು ಉದ್ದವಾದೆ. ಅಪ್ಪ ಅಳೆಯುತ್ತಿದ್ದದ್ದು ನನ್ನ ಸೊಂಟಕ್ಕೆ. ಏಳರಲ್ಲಿ ಸೊಂಟಕ್ಕೆ ಬರುತ್ತಿದ್ದ ಅಲೆ ಹದಿನಾಲ್ಕರಲ್ಲಿ ಮೊಣಕಾಲಿನ ಮೇಲಕ್ಕಷ್ಟೇ ಬರುತ್ತಿತ್ತು. ನನ್ನ ಬೆಳವಣಿಗೆಯನ್ನೇ ಸಮುದ್ರದ ಇಳಿತ ಎಂದು ಬರೆದುಬಿಟ್ಟಿದ್ದೇನೆ. ಅದನ್ನು ನಂಬಿ ನಗರಸಭೆ ಕಾವಲು ತೆಗೆದಿದೆ. ಅಪ್ಪ ಒಬ್ಬನೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ, ಮೊನ್ನೆ ಮುಳುಗಿದ್ದ. ಜೊತೆಗಿರುವ ಕಾಗದ ಓದು.

ವರದಿ ವಾಪಸು ತೆಗೆದುಕೊಳ್ಳಲು ಮೇಲಿನವರು ಪುರಾವೆ ಕೇಳುತ್ತಾರೆ. "ನಾನು ಉದ್ದವಾದೆ" ಎಂದರೆ ಸಾಲದು, ಯಾವ ವರ್ಷ ಎಷ್ಟು ಎಂದು ಬೇಕು. ಪ್ರತಿ ವರ್ಷ ಶಾಲೆಯ ಬಟ್ಟೆ ಹೊಲಿಯುವಾಗ ನೀನು ನನ್ನ ಅಳತೆ ತೆಗೆಯುತ್ತಿದ್ದೆ. ಆ ಪುಸ್ತಕ ನಿನ್ನಲ್ಲಿದೆಯಾ? ನೆಲದಿಂದ ಸೊಂಟ, ನೆಲದಿಂದ ಮೊಣಕಾಲು, ಅಷ್ಟು ಸಾಕು.

ಮಗಳು


ಮೇ 30

ಮಗಳೇ,

ಪುಸ್ತಕ ಬೀರುವಿನ ಕೆಳಗಿನ ಖಾನೆಯಲ್ಲಿದೆ. ನಾನು ಯಾರ ಅಳತೆಯನ್ನೂ ಎಸೆದವಳಲ್ಲ. ಇದೆ ಎಂದೆ, ಕೊಡುತ್ತೇನೆ ಎನ್ನಲಿಲ್ಲ.

ಆ ದಿನ ನಿನಗೆ ಎಷ್ಟು ನೆನಪಿದೆಯೋ ನನಗೆ ಗೊತ್ತಿಲ್ಲ. ನನಗೆ ಪೂರ್ತಿ ಇದೆ. ನಾನು ನಿನ್ನ ಊಟದ ಡಬ್ಬಿ ಹಿಡಿದು ದಡದಲ್ಲಿ ನಿಂತಿದ್ದೆ. ಮೇ ತಿಂಗಳು, ಗಾಳಿ ಇಲ್ಲ, ನೀರು ನಿನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಅದಕ್ಕೇ ಅವರು ಅಂದು ಹಗ್ಗ ಕಟ್ಟಿರಲಿಲ್ಲ. ಇದ್ದಕ್ಕಿದ್ದ ಹಾಗೆ ದೊಡ್ಡ ಅಲೆಗಳು ಬಂದವು. ಮೊದಲನೆಯದಕ್ಕೆ ನೀನು ಬಿದ್ದೆ, ಎರಡನೆಯದಕ್ಕೆ ಕಾಣಲಿಲ್ಲ. ಅವರು ನೀರಿಗೆ ಹಾರಿದರು, ಇಲ್ಲ ಎನ್ನುವುದಿಲ್ಲ. ಆದರೆ ನೀರಿನಲ್ಲಿ ನಿಂತು ಕೂಗಿದ್ದು ಏನು ಗೊತ್ತಾ? "ಎಲ್ಲಿಗೇ?" ಎಂದು. ದಿನಾ ಕೂಗುವ ಅದೇ ಮಾತು. ಮಗು ನೀರಿನ ಕೆಳಗಿದೆ, ಈ ಮನುಷ್ಯನಿಗೆ ಅಲೆ ಎಲ್ಲಿಗೆ ಬಂತು ಎಂದು ಬೇಕು. ನನ್ನ ಕಿವಿಯಾರೆ ಕೇಳಿದೆ.

ನಾಲ್ಕನೇ ದಿನ ನಾವು ಬಸ್ಸು ಹತ್ತಿದೆವು. ಅವರು ಏಕೆ ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ.

ಇಷ್ಟು ಬರೆದು ಕತ್ತರಿ ಹಿಡಿದು ಕೂತೆ. ಒಂದು ಕುಪ್ಪಸದ ತೋಳು ಎರಡು ಸಲ ತಪ್ಪು ಕತ್ತರಿಸಿದೆ. ಪುಸ್ತಕ ಈ ಕಾಗದದ ಜೊತೆಗೇ ಇದೆ. ಅವರಿಗಲ್ಲ, ನೀರಿಗೆ ಬೀಳುವ ಯಾರದೋ ಮಕ್ಕಳಿಗೆ. ಏಳರಲ್ಲಿ ನೆಲದಿಂದ ಸೊಂಟ ಇಪ್ಪತ್ತೆಂಟು ಅಂಗುಲ, ಹದಿನಾಲ್ಕರಲ್ಲಿ ಮೂವತ್ತೇಳು. ನಡುವಿನದೆಲ್ಲ ವರ್ಷವಾರು ಇದೆ. ನನ್ನ ಟೇಪು ತಪ್ಪುವುದಿಲ್ಲ.

ಅಮ್ಮ


ಜೂನ್ 3

ಅಮ್ಮ,

ಪುಸ್ತಕ ತಲುಪಿತು. ನಿನ್ನ ಅಂಗುಲಗಳನ್ನು ಹಾಕಿ ಲೆಕ್ಕ ಮಾಡಿದೆ. ಅಲೆಗಳ ಇಳಿಜಾರು ಪೂರ್ತಿ ಮಾಯವಾಯಿತು, ಇಪ್ಪತ್ತೊಂಬತ್ತು ವರ್ಷವೂ ಗೆರೆ ನೆಟ್ಟಗಿದೆ. ಮುಖ್ಯಸ್ಥರಿಗೆ ತೋರಿಸಿದೆ. ಮೊದಲು ನಕ್ಕರು, ಆಮೇಲೆ ನಗಲಿಲ್ಲ. ನಾಳೆ ವರದಿ ವಾಪಸು ಪಡೆಯುವ ಪತ್ರ ಹೋಗುತ್ತದೆ. ಹತ್ತನೇ ತಾರೀಖಿನ ಸಭೆಯಲ್ಲಿ ನನ್ನ ತಪ್ಪನ್ನೇ ಓದುತ್ತೇನೆ. ನಾಚಿಕೆಯಾಗುತ್ತಿದೆ, ಸಮಾಧಾನವೂ ಇದೆ.

ಆ ದಿನದ ಬಗ್ಗೆ ನನಗೆ ನೆನಪಿರುವುದು ಮೂಗಿನೊಳಗಿನ ಉಪ್ಪು ಮಾತ್ರ. ಅಪ್ಪ ಏನು ಕೂಗಿದನೋ ನನಗೆ ಕೇಳಿಸಲಿಲ್ಲ. ಆದರೆ ಅಪ್ಪನ ಆ ವರ್ಷದ ಪುಸ್ತಕ ನನ್ನ ಮುಂದಿದೆ. ದಿನಕ್ಕೊಂದು ಸಾಲು, ಸಾಲಿಗೊಂದು ಪದ. ಮೇ 17 ಸೊಂಟ. ಮೇ 18 ಮೊಣಕಾಲು. ಮೇ 19ರ ಸಾಲಿನ ನಕಲು ಇದರ ಜೊತೆ ಇಟ್ಟಿದ್ದೇನೆ. ಅಲ್ಲಿ ಮೊಣಕಾಲಿಲ್ಲ, ಸೊಂಟವಿಲ್ಲ, ತಲೆ ಮೇಲೆ ಎಂದೂ ಇಲ್ಲ. "ಸಿಕ್ಕಿದಳು" ಎಂದು ಬರೆದಿದೆ. ಗುಮಾಸ್ತರು ಅದನ್ನು "ದಾಖಲೆ ಇಲ್ಲ" ಎಂದು ಟೈಪು ಮಾಡಿದ್ದರು, ನಾನೂ ಹಾಗೇ ಬಿಟ್ಟಿದ್ದೆ.

ಎಲ್ಲಿಗೆ ಎಂದು ಕೇಳಿದವನು ಅಲೆಯ ಎತ್ತರ ಬರೆಯಬೇಕಿತ್ತಲ್ಲ, ಅಮ್ಮ?

ಮಗಳು


ಜೂನ್ 11

ಅಪ್ಪ,

ಸಭೆ ಮುಗಿಯಿತು. ಯಾರೂ ಕಲ್ಲು ಹೊಡೆಯಲಿಲ್ಲ. ಒಬ್ಬ ಹಿರಿಯರು ಎದ್ದು "ಆ ಅಳತೆಕೋಲನ್ನ ಇಲ್ಲಿಗೆ ತಂದಿದೀರಾ?" ಎಂದು ಕೇಳಿದರು. ತಂದಿದ್ದೇನೆ, ಮಾತಾಡುತ್ತಿರುವುದು ಅದೇ ಎಂದೆ. ಬಹಳ ಹೊತ್ತು ನಕ್ಕರು.

ನಗರಸಭೆಯ ಆದೇಶ ರದ್ದಾಗಿದೆ. ನಾಳೆಯಿಂದಲೇ ಮೂವರು ಕಾವಲಿನವರು, ದೋಣಿ, ಬಾವುಟ. ನೀನು ಕುರ್ಚಿ ಮನೆಗೆ ಒಯ್ಯಬಹುದು. ಭುಜ ವಾಸಿಯಾಗುವವರೆಗೆ ನೀರಿಗೆ ಇಳಿಯಬಾರದು ಎಂದು ಅದರ ಜೊತೆ ಹೋದ ನನ್ನ ಪತ್ರದಲ್ಲೇ ಬರೆದಿದ್ದೇನೆ. ಸಹಿಯ ಬಾಲ ನೋಡಿಕೋ.

ಒಂದು ಕೆಲಸ ಬಾಕಿ. ಕಂಬದ ಗೀರುಗಳು ನೆಲದಿಂದ ಎಷ್ಟು ಅಂಗುಲ ಎಂದು ಕಚೇರಿಗೆ ಬೇಕು. ನಾನೇ ಬಂದು ಅಳೆಯುತ್ತೇನೆ, ಬರುವ ಭಾನುವಾರ. ಇಪ್ಪತ್ತೆರಡು ವರ್ಷವಾಯಿತು, ದಾರಿ ಮರೆತಿಲ್ಲ.

ಮಗಳು


ಜೂನ್ 12

ಇವರಿಗೆ,

ಮಗಳು ನಿಮ್ಮ ಪುಸ್ತಕದ ಒಂದು ಸಾಲು ಕಳುಹಿಸಿದ್ದಳು. ಐದಾರು ದಿನದಿಂದ ಹೊಲಿಗೆಯಂತ್ರದ ಮೇಲೆ ಇಟ್ಟುಕೊಂಡಿದ್ದೇನೆ.

ಆ ದಿನ ನೀರಿನಲ್ಲಿ ನಿಂತು ನೀವು ಕೂಗಿದ್ದು ಏನು? ನಾನು ಕೇಳಿಸಿಕೊಂಡದ್ದು "ಎಲ್ಲಿಗೇ" ಎಂದು. ಆ ಮಾತಿಗಾಗಿಯೇ ಹೊರಟುಬಂದೆ. ಸುತ್ತಿ ಬಳಸಿ ಬರೆಯಬೇಡಿ. ಕೂಗಿದ್ದು ಏನು, ಅಷ್ಟು ಸಾಕು.

ಮಗಳ ಅಮ್ಮ


ಜೂನ್ 15

ನಿನಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

"ಎಲ್ಲಿದೀಯೇ?" ಎಂದು ಕೂಗಿದೆ. ಮೂರು ಸಲ. ಅಲೆಯ ಸದ್ದಿನಲ್ಲಿ ನಿನಗೆ ಹೇಗೆ ಕೇಳಿಸಿತೋ ನಾನು ಹೇಳಲಾರೆ. ಮೂರನೆಯ ಸಲಕ್ಕೆ ಅವಳ ಜಡೆ ಕೈಗೆ ಸಿಕ್ಕಿತು.

ನಾನು ಹಗ್ಗ ಕಟ್ಟಿರಲಿಲ್ಲ ಎಂಬ ಕಾರಣಕ್ಕೇ ನೀನು ಹೊರಟೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅದು ನನ್ನ ತಪ್ಪೇ. ಅದಕ್ಕೇ ಏಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಬೇಕಿತ್ತು. ಬಹಳ ದುಃಖವಾಗುತ್ತಿದೆ ನನಗೆ, ಇದನ್ನು ಬರೆಯುವಾಗ.

ಭಾನುವಾರ ಅವಳು ಕಂಬ ಅಳೆಯಲು ಬರುತ್ತಾಳೆ. ಅವಳಿಗೆ ಕೂಡಿಸಿ ಭಾಗಿಸುವುದು ಬರುತ್ತದೆ, ಟೇಪು ನೆಟ್ಟಗೆ ಹಿಡಿಯುವುದು ಬರುತ್ತದೋ ಇಲ್ಲವೋ. ನನ್ನ ಕೈ ಜೋಳಿಗೆಯಲ್ಲಿದೆ. ಈ ಸಲ ಅಳತೆ ತಪ್ಪಬಾರದು ಎಂದು ಕಚೇರಿಯವರು ಒತ್ತಿ ಹೇಳಿದ್ದಾರಂತೆ. ಟೇಪು ಹಿಡಿಯಲು ತಿಳಿದವರು ಯಾರಾದರೂ ಬಂದರೆ ಕೆಲಸ ಸಲೀಸು. ಅಡುಗೆಮನೆಯ ಕುರ್ಚಿಯನ್ನು ಮನೆಗೆ ಒಯ್ದಿಲ್ಲ, ದಡದಲ್ಲೇ ಇದೆ.

ಭಾನುವಾರದ ಹವೆ: ಮೋಡವಿಲ್ಲ, ಬೆಳಗ್ಗೆ ನೆಲದ ಗಾಳಿ, ಕಾವಲು ಇದೆ. ದೂರದ ಅಲೆಗಳು ಶನಿವಾರವೇ ಬಂದು ಮುಗಿಯುತ್ತವೆ.

ಅಲೆ, ಮೊಣಕಾಲು. ನಿನ್ನ ಮೊಣಕಾಲು.

ದಡದಿಂದ,
ಮಗಳ ಅಪ್ಪ